ಹಲ್ಲುನೋವು ಕಳಿಸುವ ಕರುಣೆ

ನಮಸ್ಕಾರ.

ಇವತ್ತು ‘ದಯೆಯುಳ್ಳ’ ಅನ್ನೋ ಅರ್ಥ ಕೊಡುವ ಇಂಗ್ಲಿಷಿನ ‘ಕೈಂಡ್’ (kind) ಪದದ ಮೇಲಿನ ನಿಮ್ಮ ಲೇಖನ ತಲುಪಿತು. ಮಧ್ಯಯುಗದ ಇಂಗ್ಲೆಂಡಿನ ಒಂದು ಪದದ ಬೆನ್ನುಹತ್ತಿ ಹೋಗುವವರು ನಮ್ಮಲ್ಲಿ ಕಡಿಮೆ. ಬರವಣಿಗೆ ಸಲೀಸಾಗಿದೆ. ಇಷ್ಟು ಹೇಳಿ ಜಗಳಕ್ಕೆ ಬರುತ್ತೇನೆ.

ಮೂರನೇ ಪುಟದಲ್ಲಿ ಹೀಗೆ ಬರೆದಿದ್ದೀರಿ: ‘14ನೇ ಶತಮಾನದ ಕವಿ ಲ್ಯಾಂಗ್ಲೆಂಡ್ ತನ್ನ ಪಿಯರ್ಸ್ ಪ್ಲೌಮನ್ ಕಾವ್ಯದಲ್ಲಿ ಕರುಣೆಯನ್ನೇ ಪಾತ್ರ ಮಾಡಿದ್ದಾನೆ.’ ಪಾತ್ರದ ಹೆಸರು ಕೈಂಡ್ ಅನ್ನೋದು ನಿಜ. ಆದರೆ ಕಾವ್ಯದ ಕೊನೆಗೆ ಆ ಪಾತ್ರ ಏನು ಮಾಡುತ್ತದೆ, ನೋಡಿದ್ರಾ? ಗ್ರಹಗಳಿಂದ ಇಳಿದು ಬಂದು ಜನರ ಮೇಲೆ ಜ್ವರ, ಭೇದಿ, ಕೆಮ್ಮು, ಸೆಳೆತ, ಹಲ್ಲುನೋವುಗಳನ್ನು ಛೂ ಬಿಡುತ್ತದೆ. ಇದ್ಯಾವ ಕರುಣೆ ಸ್ವಾಮಿ? ಅಲ್ಲಿ ಕೈಂಡ್ ಅಂದರೆ ಪ್ರಕೃತಿ. ಎಲ್ಲವನ್ನೂ ಹುಟ್ಟಿಸಿದ ಶಕ್ತಿ.

ಅದರ ಕೆಳಗೇ ಅದೇ ಕಾಲದ ಇನ್ನೊಬ್ಬ ಕವಿ ಚಾಸರ್. ಅವನ ಕ್ಯಾಂಟರ್ಬರಿ ಕಥೆಗಳಲ್ಲಿ ಬರುವ ವಕೀಲ, ಒಡಹುಟ್ಟಿದವರ ನಡುವಿನ ಕಾಮದಂಥ ಕಥೆಗಳನ್ನು ‘ಅನ್‌ಕೈಂಡ್’ ಅಂತ ಹೇಸುತ್ತಾನೆ. ನೀವು ‘ದಯೆಯಿಲ್ಲದ’ ಅಂತ ಬರೆದಿದ್ದೀರಿ. ಅವನು ಹೇಳುತ್ತಿರುವುದು ಹುಟ್ಟುಗುಣಕ್ಕೆ ಒಪ್ಪದ್ದು ಅಂತ. ದಯೆಯ ಮಾತೇ ಅಲ್ಲಿಲ್ಲ. ಇವತ್ತಿನ ಅರ್ಥವನ್ನು ಜೇಬಲ್ಲಿಟ್ಟುಕೊಂಡು ಆರುನೂರು ವರ್ಷ ಹಿಂದಕ್ಕೆ ಹೋದರೆ ಹೀಗೇ ಆಗೋದು.

ಸಿಟ್ಟು ಸ್ವಲ್ಪ ಜಾಸ್ತಿಯೇ ಆಯಿತು. ಕಾರಣ ಇದೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ 12ನೇ ಶತಮಾನದ ಒಂದು ಶಾಸನದ ಬಗ್ಗೆ ಬರೆದಿದ್ದೆ. ದೇವಸ್ಥಾನದ ದೀಪಕ್ಕೆ ಎಣ್ಣೆ ಬಿಟ್ಟ ದಾನ. ಓದುಗರಿಗೆ ಕಣ್ಣಿಗೆ ಕಟ್ಟಲಿ ಅಂತ ಸುಮ್ನೆ ‘ಕಡಲೆಕಾಯಿ ಎಣ್ಣೆ’ ಅಂತ ಸೇರಿಸಿದೆ. ನಮ್ಮ ಹಿರಿಯರು ಆ ಪದಕ್ಕೆ ಕೆಂಪು ಸುತ್ತು ಹಾಕಿ, ‘ಕಡಲೆಕಾಯಿ ಅಮೆರಿಕದಿಂದ ಬಂದದ್ದು ಕಣಯ್ಯಾ. ಆ ಕಾಲಕ್ಕೆ ನೀನೇ ತಂದುಕೊಟ್ಟೆಯಾ?’ ಅಂದರು. ಆಮೇಲೆ ಕಿಟ್ಟೆಲ್ ನಿಘಂಟು ಹೊತ್ತು ತರಿಸಿ ‘ಎಣ್ಣೆ’ ತೆಗೆಸಿದರು. ಎಳ್ಳಿನ ನೆಯ್ (ಅಂದರೆ ಜಿಡ್ಡು) ಎಣ್ಣೆಯಾದದ್ದು, ಆ ಹೆಸರು ಬರಬರುತ್ತಾ ಎಲ್ಲ ಎಣ್ಣೆಗೂ ಹಬ್ಬಿದ್ದು ನನಗೆ ಗೊತ್ತಾದದ್ದು ಅವತ್ತು. ಆ ಕೆಂಪು ಸುತ್ತಿನ ಹಾಳೆ ಇನ್ನೂ ನನ್ನ ಹತ್ತಿರ ಇದೆ.

ನಿಮ್ಮ ಪದದ ಕಥೆಯೂ ಅಂಥದ್ದೇ. ಹಳೆಯ ಇಂಗ್ಲಿಷಿನಲ್ಲಿ ಅದು ಹುಟ್ಟಿಗೆ, ಕುಲಕ್ಕೆ ಸೇರಿದ ಮಾತು. ನೆಂಟರಿಷ್ಟರನ್ನು ಹೇಳುವ ‘ಕಿನ್’ ಅದರ ಒಡಹುಟ್ಟು. ತನ್ನವರ ಮೇಲೆ ಹುಟ್ಟಿನಿಂದ ಬರುವ ಅಕ್ಕರೆ 1300ರ ಆಸುಪಾಸಿಗೆ ಹೊರಗಿನವರಿಗೂ ಹರಿಯಲು ಶುರುವಾಯಿತು. ಹಳೆಯ ಅರ್ಥವೂ ಪಕ್ಕದಲ್ಲೇ ಶತಮಾನಗಟ್ಟಲೆ ಉಳಿಯಿತು. ಇದನ್ನು ಹೇಳಲು ನೀವು ಇಡೀ ಪುಟ ಒದ್ದಾಡಿದ್ದೀರಿ. ‘ಮನೆಯವರ ಹಾಗೆ ನೋಡಿಕೊಂಡರು’ ಅಂತ ನಾವು ದಿನಾ ಅಂತೀವಲ್ಲ, ಅಷ್ಟು ಸಾಕಿತ್ತು.

ಇನ್ನೊಂದು. ನಮ್ಮ ‘ಜನ’, ‘ಜಾತಿ’ಗಳಿಗೂ ಈ ಕೈಂಡ್‌ಗೂ ಮೂಲ ಬೇರು ಒಂದೇ ಅನ್ನೋದನ್ನು ಕೊನೆಯ ಸಾಲಲ್ಲಿ, ಅದೂ ಬ್ರಾಕೆಟ್ಟಿನಲ್ಲಿ ತುರುಕಿದ್ದೀರಿ. ಒಂದೇ ಬೇರು ಅಲ್ಲಿ ಅಕ್ಕರೆಯಾಯಿತು, ಇಲ್ಲಿ ಜಾತಿಯಾಯಿತು. ಇದನ್ನು ಬಚ್ಚಿಡೋದಾ?

ಮೊದಲ ಪುಟದ ದಯೆಯ ಸುಭಾಷಿತಗಳನ್ನೆಲ್ಲ ಹೊಡೆದುಹಾಕಿ. ಹಲ್ಲುನೋವಿನಿಂದ ಶುರು ಮಾಡಿ, ಇನ್ನೊಮ್ಮೆ ಬರೆದು ಕಳಿಸಿ.