ಸ್ನಾರ್ಕಲ್ ಹಾಕಿಸಿದರೆ ಥಾರ್ ಎಷ್ಟು ಆಳದ ನೀರಿಗೆ ಇಳಿಯಬಹುದು? ಯಾವ ಸ್ನಾರ್ಕಲ್ ಒಳ್ಳೆಯದು?

"ಹೊಸ ಥಾರ್ ತಗೊಂಡಿದ್ದೀನಿ, ಸ್ನಾರ್ಕಲ್ ಹಾಕಿಸಿದ್ರೆ ಬಾನೆಟ್ ಮುಳುಗೋಷ್ಟು ನೀರಲ್ಲೂ ಹೋಗಬಹುದಲ್ವಾ" ಅಂತ ಬರೆದಿದ್ದೀರಿ. (ಗೊತ್ತಿಲ್ಲದವರಿಗೆ: ಥಾರ್ ಅಂದರೆ ಮಹೀಂದ್ರದ ಜೀಪು, ಸ್ನಾರ್ಕಲ್ ಅಂದರೆ ಇಂಜಿನ್ ಗಾಳಿ ಎಳೆಯೋ ಬಾಯಿಯನ್ನು ಗಾಡಿಯ ತಲೆ ಎತ್ತರಕ್ಕೆ ಏರಿಸೋ ಪೈಪು.) ಆ ಸಾಲು ಓದುತ್ತಿದ್ದಂತೆ ನನ್ನ ಕೈ ತನ್ನಷ್ಟಕ್ಕೆ ಜೇಬು ಮುಟ್ಟಿ ನೋಡಿಕೊಂಡಿತು. 2018ರಲ್ಲಿ ನನ್ನ ತಲೆಯಲ್ಲೂ ಇದೇ ಪ್ರಶ್ನೆ ಇತ್ತು. ಉತ್ತರ ಸಿಕ್ಕಿದ್ದು ಸಕಲೇಶಪುರ ತಾಲೂಕಿನ ಒಂದು ಹಳ್ಳದ ನಡುವೆ. ಬಿಲ್ಲು ಒಂದು ಲಕ್ಷ ಅರವತ್ತು ಸಾವಿರ.

ನನ್ನದು ಸೆಕೆಂಡ್ ಹ್ಯಾಂಡ್ ಗಾಡಿ, ಹಳೇ ಡೀಸೆಲ್ ಥಾರ್ ಸಿಆರ್‌ಡಿಇ. ಸ್ನಾರ್ಕಲ್ ತರಿಸಿಕೊಂಡು ಪರಿಚಯದ ಗ್ಯಾರೇಜಿನಲ್ಲಿ ಕೂಡಿಸಿದೆ. ಫೆಂಡರ್ (ಮುಂಚಕ್ರದ ಮೇಲಿನ ತಗಡು) ಮೇಲೆ ಕಾಗದದ ಅಚ್ಚು ಅಂಟಿಸಿ, ಪೆನ್ಸಿಲ್ಲಲ್ಲಿ ಗೆರೆ ಎಳೆದು, ಡ್ರಿಲ್ಲಿಗೆ ಹೋಲ್ ಸಾ ಹಾಕಿ ಮೊದಲ ತೂತು ಕೊರೆದಾಗ ಕಿವಿ ಚುಚ್ಚಿಸುವಾಗ ಮಗುವಿನ ಪಕ್ಕ ನಿಂತ ಅಪ್ಪನ ಹಾಗಾಗಿತ್ತು ನನಗೆ. ಕೊರೆದ ಅಂಚನ್ನು ಅರದಲ್ಲಿ ಉಜ್ಜಿ, ಪ್ರೈಮರ್ ಬಳಿದು, ಸಿಲಿಕೋನ್ ಹಾಕಿ, ವಿಂಡ್‌ಶೀಲ್ಡ್ ಪಕ್ಕದ ಕಂಬಕ್ಕೆ ಬ್ರಾಕೆಟ್ ಬಿಗಿದು ಚೆನ್ನಾಗಿಯೇ ಮಾಡಿಕೊಟ್ಟರು. "ಕತ್ತಿನವರೆಗೆ ನೀರು ಬಂದ್ರೂ ಏನೂ ಆಗಲ್ಲ ಸಾರ್, ಗ್ಯಾರಂಟಿ" ಅಂದರು. ಯಾರ ಕತ್ತು ಅಂತ ನಾನು ಕೇಳಬೇಕಿತ್ತು.

ಜುಲೈ ತಿಂಗಳು. ಗೆಳೆಯನ ಕಾಫಿ ತೋಟಕ್ಕೆ ಹೋಗಬೇಕಾದರೆ ಒಂದು ಹಳ್ಳ ದಾಟಬೇಕು. ಬೇಸಿಗೆಯಲ್ಲಿ ಅಲ್ಲಿ ಪಾದ ನೆನೆಯೋಷ್ಟೂ ನೀರಿರಲ್ಲ, ಮಳೆ ಹಿಡಿದರೆ ಸೊಂಟದ ಮಟ್ಟ. ಪಕ್ಕದಲ್ಲಿ ಅಡಿಕೆ ಮರದ ದಬ್ಬೆ ಹಾಸಿದ ಕಾಲುಸಂಕ ಇದೆ, ಜನ ಅದರ ಮೇಲೇ ಓಡಾಡೋದು. ತೋಟದ ಲೆಕ್ಕ ನೋಡಿಕೊಳ್ಳೋ ರೈಟ್ರು ಕಂಬಳಿ ಕೊಪ್ಪೆ ಹೊದ್ದು ಆಚೆ ದಡದಲ್ಲಿ ನಿಂತಿದ್ದರು. ಗಾಡಿ ನೋಡಿದವರೇ, "ನಮ್ ಕಡೆ ಆನೆ ಕಾಟ ಸಾಲ್ದು ಅಂತ ನೀವೂ ಸೊಂಡ್ಲು ಕಟ್ಕಂಡ್ ಬಂದ್ರಾ ಸಾರ್? ಅಲ್ಲೇ ನಿಲ್ಸಿ, ಸಂಕದ ಮೇಲೆ ಬನ್ನಿ" ಅಂತ ಕೂಗಿದರು. ಅಷ್ಟು ದುಡ್ಡು ಕೊಟ್ಟು ಸೊಂಡಿಲು ಕಟ್ಟಿಸಿದವನು ಸಂಕದ ಮೇಲೆ ನಡೆದು ಹೋಗ್ತಾನಾ?

ಫೋರ್ ಲೋ (ನಾಲ್ಕೂ ಚಕ್ರ ನಿಧಾನಕ್ಕೆ, ಜೋರಾಗಿ ಎಳೆಯೋ ಗೇರು), ಫಸ್ಟ್ ಗೇರ್, ನಿಧಾನಕ್ಕೆ ಇಳಿಸಿದೆ. ಅರ್ಧ ದಾರಿ ಎಲ್ಲ ಚೆನ್ನಾಗಿತ್ತು. ಅಲ್ಲಿ ಮಳೆಗೆ ಕಲ್ಲು ಕೊಚ್ಚಿಹೋಗಿ ಗುಂಡಿ ಬಿದ್ದಿದ್ದು ನನಗೆ ಗೊತ್ತಿರಲಿಲ್ಲ. ಮುಂಭಾಗ ಧಸಕ್ ಅಂತ ಕೆಳಗೆ ಹೋಯಿತು, ಕೆಂಪು ನೀರು ಬಾನೆಟ್ ಮೇಲೆ ಹತ್ತಿತು. ಇಂಜಿನ್ನಿನ ಸದ್ದು ಒಂದೆರಡು ಸೆಕೆಂಡು ಗಂಟಲು ಕಟ್ಟಿದ ಹಾಗಾಯಿತು, ಆಮೇಲೆ ಟಣ್ ಅಂತ ಒಂದು ಏಟು. ಅಷ್ಟೇ. ಬರೀ ಮಳೆಯ ಸದ್ದು. ಕಾಲ ಮೇಲೆ ತಣ್ಣನೆ ನೀರು ಏರುತ್ತಿದೆ, ಕಣ್ಣೆದುರು ಸ್ನಾರ್ಕಲ್ಲಿನ ತಲೆ ನೀರಿನಿಂದ ಮೂರಡಿ ಮೇಲೆ ಆರಾಮಾಗಿ ನಿಂತಿದೆ. ಅದಕ್ಕೇನೂ ಆಗಿರಲಿಲ್ಲ.

ಟ್ರ್ಯಾಕ್ಟರ್ ತಂದು ಹಿಂದಕ್ಕೆ ಎಳೆಸಿದ್ದಾಯಿತು. ಅವತ್ತು ನಾನು ಮಾಡಿದ ಒಂದೇ ಒಳ್ಳೆ ಕೆಲಸ ಅಂದರೆ ಮತ್ತೆ ಕೀ ತಿರುಗಿಸದೇ ಇದ್ದದ್ದು. ಮೆಕ್ಯಾನಿಕ್ ಏರ್ ಬಾಕ್ಸ್ (ಇಂಜಿನ್ನಿಗೆ ಹೋಗೋ ಗಾಳಿ ಸೋಸೋ ಫಿಲ್ಟರಿನ ಡಬ್ಬಿ) ಬಿಚ್ಚಿದಾಗ ಫಿಲ್ಟರು ನೆನೆದ ಹಪ್ಪಳದ ಹಾಗೆ ಮುದುಡಿ ಕೂತಿತ್ತು. ಆದರೆ ಸ್ನಾರ್ಕಲ್ಲಿನಿಂದ ಬರುವ ಪೈಪಿನ ಒಳಗೆ ಬೆರಳಾಡಿಸಿದರೆ ಬೇಸಿಗೆಯ ಧೂಳು ಹಾಗೇ ಇದೆ, ನೀರು ಹರಿದ ಗುರುತೇ ಇಲ್ಲ. ಹಾಗಾದರೆ ನೀರು ಬಂದದ್ದೆಲ್ಲಿಂದ?

ಇಲ್ಲಿ ಸ್ವಲ್ಪ ಉದ್ದ ಬರೀತೀನಿ, ಬೇಜಾರು ಮಾಡ್ಕೋಬೇಡಿ. ಬಹಳಷ್ಟು ಗಾಡಿಗಳ ಏರ್ ಬಾಕ್ಸ್ ತಳದಲ್ಲಿ ಬೆರಳು ಗಾತ್ರದ ಒಂದು ತೂತಿರುತ್ತೆ. ಮಳೆಯಲ್ಲಿ ಒಳಗೆ ಸೇರಿದ ಹನಿ ನೀರು ಕೆಳಗೆ ಸೋರಿ ಹೋಗಲಿ ಅಂತ ಕಂಪನಿಯವರೇ ಇಟ್ಟಿರೋದು. ಅದಕ್ಕೆ ಬಾತುಕೋಳಿ ಕೊಕ್ಕಿನಂಥ ಒಂದು ರಬ್ಬರ್ ಬಾಯಿ. ಒಳಗಿನ ನೀರು ಹೊರಗೆ ಬಿಡುತ್ತೆ, ಹೊರಗಿನದನ್ನು ಒಳಗೆ ಬಿಡಲ್ಲ. ವರ್ಷಗಳಾದಂತೆ ಅದು ಗಟ್ಟಿಯಾಗಿ ಬಿರುಕು ಬಿಡುತ್ತೆ, ಇಲ್ಲವೇ ಸರ್ವಿಸ್ ಮಾಡುವಾಗ ಎಲ್ಲೋ ಬಿದ್ದುಹೋಗುತ್ತೆ. ನನ್ನ ಗಾಡಿಯಲ್ಲಿ ಆ ರಬ್ಬರೇ ಇರಲಿಲ್ಲ, ಬರೀ ತೂತು. ಫಿಟ್ ಮಾಡಿದವರು ನೋಡಲಿಲ್ಲ, ನಾನೂ ನೋಡಲಿಲ್ಲ. ಎಳನೀರಿನ ಸ್ಟ್ರಾ ನಡುವೆ ಸೀಳಿದ್ದರೆ ಎಳೆದಾಗ ಎಳನೀರು ಬರಲ್ಲ, ಗಾಳಿ ಬರುತ್ತೆ. ಅದನ್ನೇ ತಿರುಗಿಸಿ ಯೋಚನೆ ಮಾಡಿ: ಸ್ಟ್ರಾದ ಬಾಯಿ ಗಾಳಿಯಲ್ಲಿದೆ, ಸೀಳು ನೀರೊಳಗಿದೆ. ಇಂಜಿನ್ ಎಳೆದದ್ದು ಆ ಸೀಳಿನಿಂದ. ಸ್ನಾರ್ಕಲ್ಲಿನ ತಲೆ ಎಷ್ಟು ಎತ್ತರದಲ್ಲಿದೆ ಅನ್ನೋದು ಲೆಕ್ಕಕ್ಕೇ ಬರಲ್ಲ. ತಲೆಯಿಂದ ಇಂಜಿನ್ನಿನವರೆಗೆ ಎಲ್ಲಕ್ಕಿಂತ ಕೆಳಗೆ ಯಾವ ಸಂದು ಬಾಯಿ ಬಿಟ್ಟಿದೆಯೋ ನಿಮ್ಮ ಸ್ನಾರ್ಕಲ್ಲಿನ ಎತ್ತರ ಅಷ್ಟೇ. ನನ್ನ ಆರಡಿ ಸ್ನಾರ್ಕಲ್ ನಿಜಕ್ಕೂ ಎರಡೂವರೆ ಅಡಿಯದಾಗಿತ್ತು.

ಎಷ್ಟು ನೀರು ಹೋದರೆ ಇಂಜಿನ್ ಸಾಯುತ್ತೆ ಗೊತ್ತಾ? ನಾಲ್ಕು ಸಿಲಿಂಡರಿನ ಎರಡೂವರೆ ಲೀಟರ್ ಡೀಸೆಲ್ ಅಂದರೆ ಒಂದು ಸಿಲಿಂಡರಿಗೆ ಅಂದಾಜು 625 ಸಿಸಿ. ಕಂಪ್ರೆಷನ್ (ಪಿಸ್ಟನ್ ಗಾಳಿ ಅದುಮೋ ಪ್ರಮಾಣ) 18ಕ್ಕೆ 1 ಅಂತಿಟ್ಟುಕೊಂಡರೆ ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಉಳಿಯೋ ಜಾಗ 37 ಮಿಲಿ. ಬೈ ಟು ಕಾಫಿಯ ಲೋಟದಲ್ಲಿ ಅರ್ಧ. ಅದಕ್ಕಿಂತ ಜಾಸ್ತಿ ನೀರು ಸೇರಿದರೆ, ಗಾಳಿಯ ಹಾಗೆ ಅದು ಅದುಮಿಸಿಕೊಳ್ಳಲ್ಲವಲ್ಲ, ಪಿಸ್ಟನ್ನನ್ನು ತಳ್ಳೋ ಕನೆಕ್ಟಿಂಗ್ ರಾಡ್ ಬಾಗುತ್ತೆ. ನನ್ನದರಲ್ಲಿ ಎರಡು ಬಾಗಿದ್ದವು. ಒಂದನ್ನು ಇನ್ನೂ ಮನೆಯ ಶೋಕೇಸಿನಲ್ಲಿ ಇಟ್ಟಿದ್ದೀನಿ, ಮಗಳು ಅದನ್ನು ಬಾಳೆಹಣ್ಣು ಅಂತಾಳೆ.

ಇನ್ಶೂರೆನ್ಸಿನಿಂದ ಒಂದು ರೂಪಾಯಿ ಬರಲಿಲ್ಲ. ಇಂಜಿನ್ ಪ್ರೊಟೆಕ್ಟ್ ಆಡ್-ಆನ್ ಬೇರೆ ತಗೊಂಡಿರಬೇಕು, ನಾನು ತಗೊಂಡಿರಲಿಲ್ಲ. ಇನ್ನೊಂದು ವಿಷಯ, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದ ಮಾರ್ಪಾಡು ಮಾಡುವ ಹಾಗಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿದೆ. ನಿಮ್ಮದು ವಾರಂಟಿಯಲ್ಲಿರೋ ಗಾಡಿ. ಫೆಂಡರ್ ಕೊರೆಯೋ ಮುಂಚೆ ಶೋರೂಮಿನವರನ್ನೂ ಇನ್ಶೂರೆನ್ಸಿನವರನ್ನೂ ಕೇಳಿ.

ಈಗ ನಿಮ್ಮ ಪ್ರಶ್ನೆಗೆ ಬರ್ತೀನಿ. ಯಾವ ಕಂಪನಿಯ ಸ್ನಾರ್ಕಲ್ ಅನ್ನೋದನ್ನು ಮರೆತುಬಿಡಿ. 2020ರಲ್ಲಿ ಬಂದ ಮಾದರಿಯ ನಿಮ್ಮ ಥಾರಿಗೆ ಕಂಪನಿ ಹೇಳೋ ನೀರಿನ ಮಟ್ಟ 650 ಮಿಲಿಮೀಟರ್, ಸ್ನಾರ್ಕಲ್ ಇಲ್ಲದೆ. 2021ರ ಫೋರ್ಸ್ ಗೂರ್ಖಾ ಫ್ಯಾಕ್ಟರಿಯಿಂದಲೇ ಸ್ನಾರ್ಕಲ್ ಹಾಕಿಕೊಂಡು ಬರುತ್ತೆ, ಅದಕ್ಕೆ ಹೇಳೋದು 700. ಗಾಡಿ ಮಾಡಿದವರೇ ಸ್ನಾರ್ಕಲ್ ಹಾಕಿಯೂ 700ಕ್ಕೆ ಕೈ ಮುಗಿದಿದ್ದಾರೆ, ನೀವು ಬಾನೆಟ್ ಮುಳುಗಿಸೋಕೆ ಹೊರಟಿದ್ದೀರಿ. ಗಾಳಿ ಎಳೆಯೋ ಬಾಯಿ ಒಂದನ್ನು ಮೇಲೆ ಎತ್ತಿದರೆ ಆಲ್ಟರ್ನೇಟರ್, ವೈರಿಂಗ್, ಇಸಿಯು (ಇಂಜಿನ್ನಿನ ಕಂಪ್ಯೂಟರ್), ಗೇರ್‌ಬಾಕ್ಸ್, ಆಕ್ಸಲ್ ಎಲ್ಲ ಅದರ ಜೊತೆ ಮೇಲಕ್ಕೆ ಬರ್ತಾವಾ?

ಹರಿಯೋ ನೀರಂತೂ ಬೇರೆಯದೇ ಕಥೆ. ಗಾಡಿಯ ತಳ ನಾಲ್ಕು ಚದರ ಮೀಟರ್ ಅಂತಿಟ್ಟುಕೊಳ್ಳಿ. ನೀರು ತಳ ಮುಟ್ಟಿದ ಮೇಲೆ, ಒಳಗೆ ನುಗ್ಗದೇ ಇದ್ದರೆ, ಪ್ರತಿ ಹತ್ತು ಸೆಂಟಿಮೀಟರಿಗೆ 400 ಕೆಜಿ ಭಾರ ಟೈರಿನ ಮೇಲಿಂದ ಇಳಿದುಹೋಗುತ್ತೆ. ಆಮೇಲೆ ಅದು ಗಾಡಿಯಲ್ಲ, ದೋಣಿ, ಅದೂ ಹುಟ್ಟಿಲ್ಲದ ದೋಣಿ.

ದುಡ್ಡು ಖರ್ಚು ಮಾಡಲೇಬೇಕು ಅಂತಿದ್ದರೆ ಮೊದಲು ಆಕ್ಸಲ್ ಮತ್ತು ಗೇರ್‌ಬಾಕ್ಸಿನ ಬ್ರೀದರ್‌ಗಳಿಗೆ (ಒಳಗಿನ ಗಾಳಿ ಆಡೋ ಸಣ್ಣ ತೂತುಗಳಿಗೆ) ಪೈಪ್ ಹಾಕಿಸಿ ಬಾನೆಟ್ ಒಳಗೆ ಮೇಲಕ್ಕೆ ಕಟ್ಟಿಸಿ. ಓಡಿ ಬಿಸಿಯಾದ ಆಕ್ಸಲ್ ತಣ್ಣನೆ ನೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತೆ, ಬ್ರೀದರ್ ನೀರೊಳಗಿದ್ದರೆ ಅದು ಎಳೆಯೋದು ನೀರನ್ನೇ. ಇದು ನನಗೆ ಗೊತ್ತಾಗಿದ್ದು ಇಂಜಿನ್ ಕೆಲಸ ಮುಗಿದು ಮೂರು ವಾರದ ಮೇಲೆ, ಹಿಂದಿನ ಆಕ್ಸಲ್ಲಿನ ಡಿಫರೆನ್ಷಿಯಲ್ ಆಯಿಲ್ ಬಿಚ್ಚಿದಾಗ. ಒಳ್ಳೆ ಫಿಲ್ಟರ್ ಕಾಫಿ ಬಣ್ಣ, ನೊರೆ ಸಮೇತ.

ಇಷ್ಟೆಲ್ಲ ಹೇಳಿದ ಮೇಲೂ ನನ್ನ ಗಾಡಿಯ ಸ್ನಾರ್ಕಲ್ ನಾನು ತೆಗೆಸಿಲ್ಲ. ಫೆಂಡರಿನಲ್ಲಿ ತೂತಿದೆ, ತೆಗೆಸಿ ಏನು ಮಾಡಲಿ. ಆದರೆ ಅದು ಕೆಲಸಕ್ಕೆ ಬಂದದ್ದು ಬೇಸಿಗೆಯಲ್ಲಿ. ಸಂಡೂರಿನ ಕಡೆ ಅದಿರು ಲಾರಿಗಳ ಹಿಂದೆ ಕೆಂಪು ಧೂಳಿನಲ್ಲಿ ಹೋಗುವಾಗ ಅಷ್ಟು ಮೇಲಿನ ಗಾಳಿ ಎಷ್ಟೋ ಚೊಕ್ಕ, ಫಿಲ್ಟರು ಹೆಚ್ಚು ದಿನ ಬರುತ್ತೆ. ಅದಕ್ಕೆ ಬೇಕಿದ್ದರೆ ಹಾಕಿಸಿ, ನಾನು ಬೇಡ ಅನ್ನಲ್ಲ.

ಹಾಕಿಸಿದರೆ ಗ್ಯಾರೇಜಿನಿಂದ ಹೊರಡೋ ಮುಂಚೆ ಒಂದು ಪರೀಕ್ಷೆ ಮಾಡಿ. ಇಂಜಿನ್ ಐಡ್ಲಿಂಗಿನಲ್ಲಿರಲಿ, ರೇಸ್ ಕೊಡಬೇಡಿ. ಸ್ನಾರ್ಕಲ್ಲಿನ ಬಾಯಿಗೆ ದಪ್ಪ ಬಟ್ಟೆ ಸುತ್ತಿದ ಹಲಗೆ ಒತ್ತಿ ಹಿಡೀರಿ. ಉಸಿರು ಕಟ್ಟಿ ಕೆಲವೇ ಸೆಕೆಂಡಿನಲ್ಲಿ ಇಂಜಿನ್ ನಿಲ್ಲಬೇಕು. ನಿಲ್ಲದೇ ಓಡ್ತಾನೇ ಇದ್ದರೆ ಅದು ಇನ್ನೆಲ್ಲಿಂದಲೋ ಉಸಿರಾಡ್ತಿದೆ, ಆ ಸಂದು ಸಿಗೋ ತನಕ ದುಡ್ಡು ಕೊಡಬೇಡಿ. ಕೆಳಗಿನ ತೂತಿಗೆ ಬಿಚ್ಚಿ ಹಾಕೋ ಹಾಗೆ ಬಿರಡೆ ಮಾಡಿಸಿ, ಮಳೆಗಾಲದಲ್ಲಿ ವಾರಕ್ಕೊಮ್ಮೆ ತೆಗೆದು ಒಳಗೆ ಹನಿ ನಿಂತಿದೆಯಾ ನೋಡಿ. ಪೂರ್ತಿ ಅಂಟು ಮೆತ್ತಿ ಮುಚ್ಚಿದರೆ ಮೇಲಿಂದ ಬಿದ್ದ ಮಳೆನೀರಿಗೆ ಹೋಗೋಕೆ ದಾರಿ ಇರಲ್ಲ.

ಆ ಹಳ್ಳಕ್ಕೆ ನಾನು ಈಗಲೂ ಹೋಗ್ತೀನಿ. ಮಳೆಗಾಲದಲ್ಲಿ ಗಾಡಿ ಈಚೆ ದಡದ ಹಲಸಿನ ಮರದ ಕೆಳಗೆ ನಿಲ್ಲುತ್ತೆ. ರೈಟ್ರು ಸಂಕದ ಆಚೆ ತುದಿಯಲ್ಲಿ ನಿಂತು ಕೈ ಚಾಚ್ತಾರೆ, "ನಿಧಾನ ಸಾರ್, ದಬ್ಬೆ ಜಾರುತ್ತೆ" ಅಂತ.