ಚರ್ಮದ ಜೀವಕೋಶವನ್ನು ನರಕೋಶ ಮಾಡಬಹುದಾ?

ನೀವು ಕೇಳಿದ್ದು: ದೇಹದ ಎಲ್ಲ ಕೋಶಗಳಲ್ಲೂ ಇರುವುದು ಒಂದೇ ಡಿಎನ್‌ಎ ಅಂದಮೇಲೆ, ಚರ್ಮದ ಕೋಶವನ್ನು ನರಕೋಶವಾಗಿ ಬದಲಾಯಿಸಬಹುದಲ್ವಾ?

ಬದಲಾಯಿಸಬಹುದು, ಬದಲಾಯಿಸಿಯೂ ಆಗಿದೆ. ನಾನು ಕೋಶಗಳನ್ನು ಬೆಳೆಸುವ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಚರ್ಮದ ಕೋಶದಲ್ಲಿ ನರಕ್ಕೆ ಬೇಕಾದ ಜೀನ್‌ಗಳು ಹಾಗೇ ಇರುತ್ತವೆ, ಸುಮ್ನೆ ಮುಚ್ಚಿರುತ್ತವೆ. ಡಿಎನ್‌ಎ ಎಳೆ ಹಿಸ್ಟೋನ್ ಎಂಬ ಪ್ರೋಟೀನಿಗೆ ಸುತ್ತಿಕೊಂಡಿರುತ್ತದೆ. ಬೇಡದ ಜೀನ್ ಇರುವ ಕಡೆ ಸುತ್ತು ಬಿಗಿ, ಬೇಕಾದ ಕಡೆ ಸಡಿಲ. ಯಾವ ಜೀನ್ ಕೆಲಸ ಮಾಡಬೇಕು ಎಂದು ತೀರ್ಮಾನಿಸುವುದು ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ ಎಂಬ ಇನ್ನೊಂದು ಬಗೆಯ ಪ್ರೋಟೀನ್. ಚರ್ಮದ ಕೋಶ ಚರ್ಮವಾಗಿಯೇ ಉಳಿಯುವುದು ಇವು ಎಡೆಬಿಡದೆ ದುಡಿಯುವುದರಿಂದ. ಹೊರಗಿನಿಂದ ಬೇರೆ ಫ್ಯಾಕ್ಟರ್‌ಗಳನ್ನು ಜಾಸ್ತಿ ತುಂಬಿದರೆ ಕೋಶದ ಗುರುತೇ ಬದಲಾಗಬಹುದು.

ಜೀನ್‌ಗಳು ಕಳೆದುಹೋಗಿರುವುದಿಲ್ಲ ಎಂದು 1962ರಲ್ಲೇ ಜಾನ್ ಗರ್ಡನ್ ತೋರಿಸಿದರು. ಕಪ್ಪೆಯ ಮೊಟ್ಟೆಯ ನ್ಯೂಕ್ಲಿಯಸ್ ನಾಶಮಾಡಿ, ಆ ಜಾಗಕ್ಕೆ ಗೊದಮೊಟ್ಟೆಯ ಕರುಳಿನ ಕೋಶದ ನ್ಯೂಕ್ಲಿಯಸ್ ಹಾಕಿದರು. ಬಹುಪಾಲು ಮೊಟ್ಟೆಗಳು ಕೆಟ್ಟುಹೋದವು, ಕೆಲವು ಈಜುವ ಗೊದಮೊಟ್ಟೆಗಳಾಗಿ ಬೆಳೆದವು. 1987ರಲ್ಲಿ ಇಂಥ ಒಂದು ಫ್ಯಾಕ್ಟರ್ ತಯಾರಿಸುವ ಮೈಯೋಡಿ ಎಂಬ ಒಂದೇ ಜೀನ್ ಹಾಕಿ, ಚರ್ಮದಲ್ಲೂ ಸಿಗುವ ಫೈಬ್ರೋಬ್ಲಾಸ್ಟ್ ಕೋಶಗಳನ್ನು ಸ್ನಾಯುಕೋಶಗಳಾಗಿ ಮಾಡಿದ್ದೂ ಆಯಿತು.

ನನಗೆ ಎಲ್ಲಕ್ಕಿಂತ ಇಷ್ಟ ಜಪಾನಿನ ಶಿನ್ಯಾ ಯಮನಾಕ ಮತ್ತು ಕಜುತೋಶಿ ತಕಹಾಶಿ ಮಾಡಿದ ಪ್ರಯೋಗ. ಭ್ರೂಣದ ಕಾಂಡಕೋಶದಲ್ಲಿ (ಸ್ಟೆಮ್ ಸೆಲ್, ಅಂದರೆ ದೇಹದ ಯಾವ ಬಗೆಯ ಕೋಶವಾಗಿಯೂ ಬೆಳೆಯಬಲ್ಲ ಕೋಶ) ಮುಖ್ಯ ಎನಿಸಿದ 24 ಜೀನ್‌ಗಳನ್ನು ಆರಿಸಿಕೊಂಡರು. ಇಲಿಯ ಫೈಬ್ರೋಬ್ಲಾಸ್ಟಿಗೆ ಒಂದೊಂದಾಗಿ ಹಾಕಿದರೆ ಏನೂ ಆಗಲಿಲ್ಲ. 24ನ್ನೂ ಒಟ್ಟಿಗೆ ಹಾಕಿದಾಗ ಕಾಂಡಕೋಶದಂಥ ಗುಂಪುಗಳು ಕಾಣಿಸಿಕೊಂಡವು. ಆಮೇಲೆ ಪ್ರತಿ ಸಲ ಒಂದನ್ನು ಬಿಟ್ಟು ಉಳಿದವನ್ನು ಹಾಕಿ, ಯಾವುದು ಇಲ್ಲದಿದ್ದರೆ ಕೆಲಸ ಕೆಡುತ್ತದೆ ಎಂದು ನೋಡಿದರು. ಕೊನೆಗೆ ಉಳಿದದ್ದು ನಾಲ್ಕೇ: ಆಕ್ಟ್3/4, ಸಾಕ್ಸ್2, ಕೆಎಲ್‌ಎಫ್4, ಸಿ-ಮಿಕ್. ಇದು 2006ರ ಮಾತು. ಮರುವರ್ಷ ಮನುಷ್ಯರ ಕೋಶದಲ್ಲೂ ಆಯಿತು. 2012ರಲ್ಲಿ ಗರ್ಡನ್ ಮತ್ತು ಯಮನಾಕ ಇಬ್ಬರಿಗೂ ನೊಬೆಲ್ ಬಂತು.

ಮೈಕ್ರೋಸ್ಕೋಪಿನಲ್ಲಿ ಈ ಬದಲಾವಣೆ ಕಣ್ಣಿಗೇ ಕಾಣುತ್ತದೆ. ಫೈಬ್ರೋಬ್ಲಾಸ್ಟ್‌ಗಳು ಉದ್ದಕ್ಕೆ ಚೂಪಾಗಿ, ತಟ್ಟೆಯ ತುಂಬ ಚಾಚಿಕೊಂಡಿರುತ್ತವೆ. ದಿನ ಕಳೆದಂತೆ ಅಲ್ಲೊಂದು ಇಲ್ಲೊಂದು ಕಡೆ ಕೋಶಗಳು ಕುಗ್ಗಿ, ಒತ್ತೊತ್ತಾಗಿ ಸೇರಿ, ಅಂಚು ಸ್ಪಷ್ಟವಾಗಿರುವ ಗುಂಪಾಗುತ್ತವೆ. ಒಂದೊಂದು ಕೋಶದಲ್ಲೂ ಬಹುಪಾಲು ಜಾಗ ನ್ಯೂಕ್ಲಿಯಸ್ಸಿನದೇ. ಆದರೆ ಹೀಗೆ ಬದಲಾಗುವುದು ಸಾಮಾನ್ಯವಾಗಿ ನೂರಕ್ಕೆ ಒಂದಕ್ಕಿಂತ ಕಡಿಮೆ. ಉಳಿದವು ಜಪ್ಪಯ್ಯ ಅಂದರೂ ಬದಲಾಗುವುದಿಲ್ಲ.

ಹೀಗೆ ಸಿಕ್ಕ ಕಾಂಡಕೋಶಕ್ಕೆ ತಕ್ಕ ರಾಸಾಯನಿಕಗಳನ್ನು ಸರಿಯಾದ ಕ್ರಮದಲ್ಲಿ ಕೊಟ್ಟರೆ ನರಕೋಶವಾಗುತ್ತದೆ. ಹೃದಯಕೋಶವನ್ನೂ ಮಾಡಬಹುದು, ಅದು ತಟ್ಟೆಯಲ್ಲೇ ಮಿಡಿಯುತ್ತದೆ!

ಅಪಾಯವೂ ಇದೆ. ಸಿ-ಮಿಕ್ ಕ್ಯಾನ್ಸರಿಗೆ ನಂಟಿರುವ ಜೀನ್. ಪೂರ್ತಿ ಮಾರ್ಪಡದ ಕಾಂಡಕೋಶ ದೇಹಕ್ಕೆ ಸೇರಿದರೆ ಗೆಡ್ಡೆ ಬೆಳೆಯಬಹುದು. 2014ರಲ್ಲಿ ಜಪಾನಿನ ಕೋಬೆಯಲ್ಲಿ ರೋಗಿಯೊಬ್ಬರ ಕಣ್ಣಿಗೆ ಹಾಕಿದ್ದು ಕಾಂಡಕೋಶವನ್ನಲ್ಲ, ಅವರದೇ ಚರ್ಮದ ಕೋಶದಿಂದ ಈ ದಾರಿಯಲ್ಲಿ ಬೆಳೆಸಿದ ರೆಟಿನಾದ ಪದರವನ್ನು. ‘ಸ್ಟೆಮ್ ಸೆಲ್’ ಅಂತ ಹೆಸರಿಟ್ಟ ಕ್ರೀಮುಗಳಿಗೂ ಇದಕ್ಕೂ ಸಂಬಂಧ ಇಲ್ಲ, ದುಡ್ಡು ಸುರಿಯಬೇಡಿ.

ಕಾಂಡಕೋಶದ ಹಂತವೇ ಇಲ್ಲದ ನೇರ ದಾರಿಯೂ ಇದೆ. 2010ರಲ್ಲಿ ಮೂರು ಜೀನ್‌ಗಳಿಂದ ಇಲಿಯ ಫೈಬ್ರೋಬ್ಲಾಸ್ಟ್‌ಗಳನ್ನು ನರಕೋಶ ಮಾಡಿದರು, ಅವು ವಿದ್ಯುತ್ ಸಂಕೇತವನ್ನೂ ಹೊಮ್ಮಿಸಿದವು. ಎರಡು ದಾರಿಗೂ ದೊಡ್ಡ ವ್ಯತ್ಯಾಸ ವಯಸ್ಸಿನದು. ಕಾಂಡಕೋಶದ ದಾರಿ ಹಿಡಿದರೆ ಕೋಶದ ವಯಸ್ಸಿನ ಗುರುತುಗಳು ಬಹುಮಟ್ಟಿಗೆ ಅಳಿಸಿಹೋಗುತ್ತವೆ. ನೇರ ದಾರಿಯಲ್ಲಿ ಅವು ಸಾಕಷ್ಟು ಉಳಿಯುತ್ತವೆ. ಅದಕ್ಕೇ ಮುಪ್ಪಿನಲ್ಲಿ ಬರುವ ಮಿದುಳಿನ ಕಾಯಿಲೆಗಳನ್ನು ತಟ್ಟೆಯಲ್ಲಿ ಅಭ್ಯಾಸ ಮಾಡುವವರಿಗೆ ನೇರ ದಾರಿಯ ಮೇಲೆ ಒಲವು ಹೆಚ್ಚು.