ಡೆಂಗಿ ಬಂದು ಹೋದ ಮೇಲೆ ಚೀನೀ ಜಿನ್ಸೆಂಗ್ ಕಷಾಯ ಕುಡಿಯಬಹುದಾ?

ಸಿಂಗಪುರದಲ್ಲಿದ್ದೀರಿ, ಡೆಂಗಿ ಜ್ವರ ಬಿಟ್ಟಿದೆ, ಸುಸ್ತು ಬಿಟ್ಟಿಲ್ಲ. ಜೊತೆಗೆ ಕೆಲಸ ಮಾಡುವ ಚೀನೀ ಗೆಳತಿ ಕೊಟ್ಟ ಜಿನ್ಸೆಂಗ್ (ಶಕ್ತಿಗೆ ಅಂತ ಬಳಸುವ ಬೇರು) ಪೊಟ್ಟಣ ಕುದಿಸಿ ಕುಡಿಯಲಾ ಅಂತ ಕೇಳಿದ್ದೀರಿ. ನಾನು ವೈದ್ಯೆ ಅಲ್ಲ. ಆದರೆ ಇಲ್ಲೇ ಸಂಸಾರ ಮಾಡಿಕೊಂಡಿದ್ದೇನೆ, ಪಕ್ಕದ ಮನೆಯ ಚೀನೀ ಅಜ್ಜಿಯ ಅಡುಗೆಮನೆಯಲ್ಲಿ ಇದನ್ನೆಲ್ಲ ನೋಡಿ ಕಲಿತಿದ್ದೇನೆ. ದಯವಿಟ್ಟು ಈಗಲೇ ಬೇಡ. ಮೊದಲು ಗಂಜಿ.

ಚೀನೀ ವೈದ್ಯ ಪದ್ಧತಿಯೂ ಇದನ್ನೇ ಹೇಳುತ್ತದೆ. ಸುಮಾರು 1800 ವರ್ಷಗಳ ಹಿಂದೆ ಜಾಂಗ್ ಜೋಂಗ್‌ಜಿಂಗ್ ಎಂಬ ವೈದ್ಯರು ಬರೆದ 'ಶಾಂಗ್ ಹಾನ್ ಲುನ್' ಗ್ರಂಥದ ಕೊನೆಯಲ್ಲಿ ಒಬ್ಬ ರೋಗಿಯ ವಿಷಯ ಬರುತ್ತದೆ. ನಾಡಿ ಸರಿಯಾಗಿದೆ, ಆದರೂ ಸಂಜೆಯಾದರೆ ಏನೋ ಕಸಿವಿಸಿ. ಈಗಷ್ಟೇ ಕಾಯಿಲೆಯಿಂದ ಎದ್ದವನಿಗೆ ಒತ್ತಾಯ ಮಾಡಿ ಉಣ್ಣಿಸಿದ್ದಾರೆ, ಅರಗಿಸುವ ಶಕ್ತಿ ಇನ್ನೂ ಬಂದಿಲ್ಲ. ಊಟ ಕಡಿಮೆ ಮಾಡಿದರೆ ಸರಿಹೋಗುತ್ತದೆ ಅನ್ನುತ್ತಾರೆ ಅವರು. ಕಾಯಿಲೆ ಪೂರ್ತಿ ಹೋಗುವ ಮುಂಚೆ ಟಾನಿಕ್ ಕೊಡುವುದನ್ನಂತೂ ಚೀನೀಯರು, ಕಳ್ಳ ಒಳಗಿರುವಾಗಲೇ ಬಾಗಿಲು ಹಾಕಿದ ಹಾಗೆ ಅನ್ನುತ್ತಾರೆ.

ಒಂದು ಲೋಟ ಅಕ್ಕಿಗೆ ಹತ್ತು ಲೋಟ ನೀರು. ಸಣ್ಣ ಉರಿಯಲ್ಲಿ ಅಗುಳು ಒಡೆದು ಕರಗಬೇಕು. ಹೊಟ್ಟೆ ಒಗ್ಗಿದ ಮೇಲೆ ನಾಲ್ಕೈದು ಕೆಂಪು ಖರ್ಜೂರ ಹಾಕಿ. ಹೆಸರಿಗೆ ಖರ್ಜೂರ, ನಿಜಕ್ಕೂ ನಮ್ಮ ಎಲಚಿಹಣ್ಣಿನ ಬಳಗದ್ದು. ಬೀಜ ಉಷ್ಣ ಅಂತ ಅಜ್ಜಿ ಒಂದೊಂದನ್ನೂ ಸೀಳಿ ತೆಗೆಯುತ್ತಿದ್ದರು. ಗೋಜಿ ಅನ್ನುವ ಸಣ್ಣ ಕೆಂಪು ಒಣಹಣ್ಣು ಒಲೆ ಆರಿಸುವ ಸ್ವಲ್ಪ ಮುಂಚೆ ಸಾಕು, ಜಾಸ್ತಿ ಬೆಂದರೆ ಹುಳಿಯಾಗುತ್ತದೆ.

ಇನ್ನೂ ಚೇತರಿಸಿಕೊಂಡ ಮೇಲೆ ಹ್ವಾಂಗ್ ಚಿ ಎಂಬ ಚೀನೀ ಟಾನಿಕ್ ಬೇರು. ಹಳದಿ ಬಣ್ಣದ ನಾರುನಾರಾದ ಬೇರಿನ ಹೋಳುಗಳು, ಮೂಸಿದರೆ ಹಸಿ ಕಾಳಿನ ವಾಸನೆ. ಮಣ್ಣಿನ ಅಥವಾ ಪಿಂಗಾಣಿ ಪಾತ್ರೆಯಲ್ಲಿ ಕುದಿಸಿ ಸೋಸಿ, ಹೋಳುಗಳನ್ನು ಎಸೆಯಿರಿ. ಕಬ್ಬಿಣದ ಪಾತ್ರೆ ಬೇಡ.

ಪೊಟ್ಟಣದಲ್ಲಿ ಏನೇನಿದೆ ಅಂತ ಬಿಡಿಸಿ ಕೇಳಿ. ಡಾಂಗ್ ಗ್ವೇ ಎಂಬ ಚೀನೀ ಔಷಧಿ ಬೇರು ಇದ್ದರೆ ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) ಸರಿಯಾಗುವವರೆಗೆ ಮುಟ್ಟಬೇಡಿ. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರಿಗೆ ಡಾಂಗ್ ಗ್ವೇ, ಜಿನ್ಸೆಂಗ್, ಗೋಜಿ ಮೂರೂ ಕೂಡದು. ಬಿಪಿ ಇರುವವರಿಗೆ ಅತಿಮಧುರ ಅಪಾಯ, ಚೀನೀ ಕಷಾಯಗಳಲ್ಲಿ ಅದು ಬಹಳ ಬಳಕೆಯಲ್ಲಿದೆ. ಇಲ್ಲಿ ಚೀನೀ ವೈದ್ಯರಿಗೆ ಸರ್ಕಾರಿ ನೋಂದಣಿ ಕಡ್ಡಾಯ, ಅಂಥವರ ಹತ್ತಿರವೇ ಹೋಗಿ, ನಿಮ್ಮ ಡಾಕ್ಟರಿಗೂ ತಿಳಿಸಿ.

ಡೆಂಗಿ ಸುಸ್ತು ಕೆಲವು ವಾರ ಇರುವುದು ಸಾಮಾನ್ಯ, ಹೆದರಬೇಡಿ. ವಸಡಿನಲ್ಲಿ ರಕ್ತ, ಕಪ್ಪು ಮಲ, ನಿಲ್ಲದ ವಾಂತಿ, ಹೊಟ್ಟೆನೋವು ಕಂಡರೆ ಮಾತ್ರ ಸುಮ್ನೆ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಿ.